ಹಾಸು, ಹೊಕ್ಕು, ರಾಳ: ಸರ್ಕಿಟ್ ಬೋರ್ಡ್ ಯಾವುದರಿಂದ ಆಗಿದೆ?

ಡರ್ಬಿಯ ಡರ್ವೆಂಟ್ ನದಿಯ ದಡದಲ್ಲಿರುವ ಮ್ಯೂಸಿಯಂ ಆಫ್ ಮೇಕಿಂಗ್ ನಮ್ಮ ಸಂಘದ ಅನೇಕ ಕುಟುಂಬಗಳಿಗೆ ಪರಿಚಿತವಾದ ಜಾಗ. 1721ರ ಸುಮಾರಿಗೆ ಇದೇ ಸ್ಥಳದಲ್ಲಿ ಜಾನ್ ಮತ್ತು ಥಾಮಸ್ ಲೋಂಬ್ ಸಹೋದರರ ಕಾರ್ಖಾನೆ ನದಿನೀರಿನ ಬಲದಿಂದ ರೇಷ್ಮೆ ಎಳೆಗಳಿಗೆ ಹುರಿ ಹಾಕುತ್ತಿತ್ತು. 2021ರಲ್ಲಿ ಹೊಸ ರೂಪದಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ, ಒಳಗೆ ಬರುವವರ ತಲೆಯ ಮೇಲೆ ರೋಲ್ಸ್-ರಾಯ್ಸ್ ಕಂಪನಿಯ ಟ್ರೆಂಟ್ 1000 ಜೆಟ್ ಎಂಜಿನ್ ತೂಗುತ್ತದೆ. ರೇಷ್ಮೆಗೂ ಜೆಟ್ ಎಂಜಿನ್‌ಗೂ ಏನು ಸಂಬಂಧ ಎಂದು ಮಕ್ಕಳು ಕೇಳಬಹುದು. ಸಂಬಂಧ ಇದೆ. ಇಂಥ ಎಂಜಿನ್‌ಗಳನ್ನು ನಿಯಂತ್ರಿಸುವ ಕಂಪ್ಯೂಟರಿನ ಒಳಗಿರುವ ಸರ್ಕಿಟ್ ಬೋರ್ಡ್ ಕೂಡ ಹುರಿ ಹಾಕಿದ ಎಳೆಗಳಿಂದ, ಮಗ್ಗದ ಮೇಲೆ, ಹಾಸು ಹೊಕ್ಕಾಗಿ ನೇಯ್ದ ಬಟ್ಟೆಯಿಂದಲೇ ಆದದ್ದು. ಎಳೆ ಮಾತ್ರ ರೇಷ್ಮೆಯದಲ್ಲ, ಗಾಜಿನದು.

ಎಲೆಕ್ಟ್ರಾನಿಕ್ಸ್ ಎಂದೊಡನೆ ನಮಗೆ ನೆನಪಾಗುವುದು ಚಿಪ್. ಚಿಪ್ ಕೂರುವ ಹಲಗೆಯ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಆದರೆ ಒಂದು ಉಪಕರಣ ಎಷ್ಟು ವರ್ಷ ಬಾಳುತ್ತದೆ, ಒಳಗೆ ಕಿಡಿ ಹಾರಿದರೆ ಬೆಂಕಿ ಹರಡುತ್ತದೆಯೋ ಇಲ್ಲವೋ, ಎಷ್ಟು ವೇಗದಲ್ಲಿ ಕೆಲಸ ಮಾಡಬಲ್ಲದು, ಕೆಟ್ಟು ಮೂಲೆಗೆ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಹಲಗೆಯೇ. ಅದರ ಹೆಸರು ಲ್ಯಾಮಿನೇಟ್. ಅದರಲ್ಲಿ ಹತ್ತಾರು ಜಾತಿಗಳಿವೆ. ಮೂರು ಪ್ರಶ್ನೆ ಕೇಳಿಕೊಂಡರೆ ಎಲ್ಲವೂ ಅರ್ಥವಾಗುತ್ತವೆ: ಒಳಗಿನ ಹಾಳೆ ಯಾವುದು? ಅದನ್ನು ಅಂಟಿಸಿದ ರಾಳ ಯಾವುದು? ಇವೆರಡು ಸೇರಿ ಏನನ್ನು ತಡೆದುಕೊಳ್ಳಬೇಕಾಗಿದೆ?

ಪದರದ ಮೇಲೆ ಪದರ

ಲ್ಯಾಮಿನೇಟ್ ಎಂದರೆ ಪದರಗಳನ್ನು ಒತ್ತಿ ಒಂದಾಗಿಸಿದ ಹಲಗೆ. ಚಿರೋಟಿಯ ಪದರಗಳು ಬಿಡಿಬಿಡಿಯಾಗಿ ಅರಳಬೇಕು. ಇಲ್ಲಿ ಅದಕ್ಕೆ ತದ್ವಿರುದ್ಧ, ಪದರಗಳು ಎಂದೂ ಬಿಡಬಾರದು. ಕಾಗದವನ್ನೋ ಗಾಜಿನ ಬಟ್ಟೆಯನ್ನೋ ದ್ರವರೂಪದ ರಾಳದಲ್ಲಿ ಅದ್ದಿ, ಬಿಸಿಗಾಳಿಯಲ್ಲಿ ಅರೆಬೇಯಿಸಿ ಒಣಗಿಸುತ್ತಾರೆ. ಈ ಅರೆಬೆಂದ ಹಾಳೆಗೆ ಪ್ರಿಪ್ರೆಗ್ ಎಂದು ಹೆಸರು. ಬೇಕಾದ ದಪ್ಪಕ್ಕೆ ತಕ್ಕಷ್ಟು ಪ್ರಿಪ್ರೆಗ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೂ ಕೆಳಗೂ ತೆಳ್ಳನೆಯ ತಾಮ್ರದ ಹಾಳೆ ಇಟ್ಟು, ಬಿಸಿ ಪ್ರೆಸ್ಸಿನಲ್ಲಿ ಭಾರಿ ಒತ್ತಡ ಹಾಕುತ್ತಾರೆ. ರಾಳ ಮೊದಲು ಕರಗಿ ಎಲ್ಲ ಸಂದುಗಳನ್ನೂ ತುಂಬಿ, ನಂತರ ಪೂರ್ತಿ ಬೆಂದು ಗಟ್ಟಿಯಾಗುತ್ತದೆ. ಸಾಮಾನ್ಯ ಬೋರ್ಡಿನಲ್ಲಿ ತಾಮ್ರದ ದಪ್ಪ 35 ಮೈಕ್ರಾನ್, ಅಂದರೆ ತಲೆಗೂದಲಿನ ಸುಮಾರು ಅರ್ಧ. ಬೇಡವಾದ ಕಡೆ ಈ ತಾಮ್ರವನ್ನು ರಾಸಾಯನಿಕದಿಂದ ಕರಗಿಸಿ ತೆಗೆದರೆ ಉಳಿಯುವ ಗೆರೆಗಳೇ ವಿದ್ಯುತ್ ಹರಿಯುವ ದಾರಿ.

ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಬೇಕು. ಬೆಲ್ಲದ ಪಾಕ ಗಟ್ಟಿಯಾದರೂ ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ಆದರೆ ಬೆಂದ ಇಡ್ಲಿ ಮತ್ತೆ ಹಿಟ್ಟಾಗುವುದಿಲ್ಲ. ಬೋರ್ಡಿನ ಹೆಚ್ಚಿನ ರಾಳಗಳು ಇಡ್ಲಿಯ ಜಾತಿಯವು. ಒಮ್ಮೆ ಬೆಂದರೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿಬಿಡುತ್ತವೆ. ಎಷ್ಟು ಕಾಯಿಸಿದರೂ ಕರಗವು, ಕೊನೆಗೆ ಕರಕಲಾಗುತ್ತವೆ. ಬೋರ್ಡಿನ ಗಟ್ಟಿತನವೂ, ಅದು ಕಸವಾದಾಗ ಕೊಡುವ ತಲೆನೋವೂ ಈ ಒಂದೇ ಗುಣದಿಂದ ಬಂದವು.

ಬರ್ಮಿಂಗ್‌ಹ್ಯಾಂನ ಕಂದು ಹಲಗೆ

ಈ ಕಥೆಯ ಮೊದಲ ಅಧ್ಯಾಯದಲ್ಲಿ ನಮ್ಮ ಮಿಡ್‌ಲ್ಯಾಂಡ್ಸ್‌ಗೆ ದೊಡ್ಡ ಪಾತ್ರವಿದೆ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಗಟ್ಟಿ ರಾಳ ಮಾಡುವ ವಿಧಾನಕ್ಕೆ 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಪೇಟೆಂಟ್ ಅರ್ಜಿ ಹಾಕಿದರು. ಅದೇ ಬೇಕಲೈಟ್. ನಮ್ಮ ಊರಿನ ಹಳೆಯ ಮನೆಗಳಲ್ಲಿ ಕರಿಯ, ದುಂಡನೆಯ ಸ್ವಿಚ್ಚುಗಳನ್ನು ಕಂಡವರಿಗೆ ಬೇಕಲೈಟ್ ಎಂದರೆ ವಿವರಿಸಬೇಕಿಲ್ಲ. ಬ್ರಿಟನ್ನಿನಲ್ಲಿ ಜೇಮ್ಸ್ ಸ್ವಿನ್‌ಬರ್ನ್ ಎಂಬ ಎಂಜಿನಿಯರ್ ಇದೇ ಹಾದಿಯಲ್ಲಿದ್ದರು. ಪೇಟೆಂಟ್ ಅರ್ಜಿ ಹಾಕುವಷ್ಟರಲ್ಲಿ ಬೇಕ್‌ಲ್ಯಾಂಡ್ ಒಂದೇ ದಿನ ಮುಂದಿದ್ದರು ಎಂಬುದು ಪ್ರಸಿದ್ಧ ಸಂಗತಿ. ಸ್ವಿನ್‌ಬರ್ನ್ ಕೈಚೆಲ್ಲದೆ ಬರ್ಮಿಂಗ್‌ಹ್ಯಾಂನಲ್ಲಿ ಡಾಮಾರ್ಡ್ ಲ್ಯಾಕರ್ ಕಂಪನಿ ನಡೆಸಿ, ಲೋಹಕ್ಕೆ ಬಳಿಯುವ ಗಟ್ಟಿ ಮೆರುಗೆಣ್ಣೆ ತಯಾರಿಸಿದರು. ಮುಂದೆ ಅದು ಬೇಕಲೈಟ್ ಲಿಮಿಟೆಡ್‌ನಲ್ಲಿ ಸೇರಿಹೋಯಿತು. 1931ರಲ್ಲಿ ಬರ್ಮಿಂಗ್‌ಹ್ಯಾಂನ ಟೈಸ್ಲಿಯಲ್ಲಿ ಬೇಕಲೈಟ್‌ನ ದೊಡ್ಡ ಕಾರ್ಖಾನೆ ಶುರುವಾಯಿತು. ಅದೇ ನಗರದ ಪೆರಿ ಬಾರ್‌ನಲ್ಲಿ ಟಫ್ನಾಲ್ ಕಂಪನಿ ಕಾಗದ ಮತ್ತು ಹತ್ತಿಬಟ್ಟೆಯನ್ನು ಇದೇ ರಾಳದಲ್ಲಿ ಒತ್ತಿ ಹಲಗೆ ಮಾಡುತ್ತಿತ್ತು.

ಸರ್ಕಿಟ್ ಬೋರ್ಡ್ ಹುಟ್ಟುವ ಮೊದಲೇ ಇಂಥ ಕಂದು ಹಲಗೆ ವಿದ್ಯುತ್ ಉಪಕರಣಗಳಲ್ಲಿ ಅವಾಹಕವಾಗಿ ಬಳಕೆಯಲ್ಲಿತ್ತು. ರೇಡಿಯೋಗಳಲ್ಲಿ ಒಂದೊಂದು ತಂತಿಯನ್ನೂ ಕೈಯಿಂದ ಬೆಸೆಯುತ್ತಿದ್ದ ಕಾಲ ಅದು. 1936ರಲ್ಲಿ ವಿಯೆನ್ನಾ ಬಿಟ್ಟು ಲಂಡನ್ನಿಗೆ ಬಂದ ಪಾಲ್ ಐಸ್ಲರ್ ಎಂಬ ಯಹೂದಿ ಎಂಜಿನಿಯರ್, ತಾಮ್ರದ ಹಾಳೆಯನ್ನು ಅವಾಹಕ ಹಲಗೆಗೆ ಅಂಟಿಸಿ, ಪುಸ್ತಕ ಮುದ್ರಿಸಿದ ಹಾಗೆ ಸರ್ಕಿಟ್ಟನ್ನೂ ಮುದ್ರಿಸಬಹುದು ಎಂದು ಯೋಚಿಸಿದರು. ಕೈಬೆಸುಗೆಯ ಕೂಲಿ ಅಗ್ಗವಾಗಿದ್ದ ಆ ದಿನಗಳಲ್ಲಿ ಉದ್ಯಮ ಅವರ ಮಾತಿಗೆ ಕಿವಿಗೊಡಲಿಲ್ಲ. 1943ರಲ್ಲಿ ಅವರು ಪೇಟೆಂಟ್ ಅರ್ಜಿ ಹಾಕಿದರು. ಯುದ್ಧಕಾಲದಲ್ಲಿ, ಗುರಿಯ ಹತ್ತಿರ ಬಂದಾಗ ಸಿಡಿಯುವ ಶೆಲ್‌ಗಳಿಗೆ ಗಟ್ಟಿಮುಟ್ಟಾದ ಪುಟ್ಟ ಸರ್ಕಿಟ್ ಬೇಕಾದಾಗ ಮುದ್ರಿತ ಸರ್ಕಿಟ್ಟಿನ ಬೆಲೆ ಎಲ್ಲರಿಗೂ ತಿಳಿಯಿತು. ಬೇರೆ ದೇಶದಿಂದ ಬಂದು ಇಲ್ಲಿ ನೆಲೆಯೂರಿದವರೊಬ್ಬರ ಕೈಯಲ್ಲಿ ಈ ತಂತ್ರ ರೂಪುಗೊಂಡಿತು ಎಂಬುದು ನಮ್ಮಂಥವರು ನೆನೆಯಬೇಕಾದ ಸಂಗತಿ.

ಕಾಗದದ ಜಾತಿ: ಎಕ್ಸ್‌ಪಿಸಿ, ಎಫ್‌ಆರ್-1, ಎಫ್‌ಆರ್-2

ಫೀನಾಲ್ ರಾಳದಲ್ಲಿ ನೆನೆಸಿದ ಕಾಗದದ ಹಲಗೆ ಇಂದಿಗೂ ಅತ್ಯಂತ ಅಗ್ಗದ ಲ್ಯಾಮಿನೇಟ್. ಟಿವಿ ರಿಮೋಟ್, ಕ್ಯಾಲ್ಕುಲೇಟರ್, ಆಟಿಕೆ, ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿದರೆ ಕಾಣುವ ಕಂದು ಬೋರ್ಡ್ ಇದೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಾಳೆಗಟ್ಟಲೆ ಕೊಂಡು, ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಕಾಲೇಜು ಪ್ರಾಜೆಕ್ಟ್ ಮಾಡಿದ ತಲೆಮಾರಿನವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇದರ ದೊಡ್ಡ ಅನುಕೂಲವೆಂದರೆ ತೂತುಗಳನ್ನು ಕೊರೆಯಬೇಕಿಲ್ಲ, ಅಚ್ಚಿನಿಂದ ಒಂದೇ ಏಟಿಗೆ ಗುದ್ದಿ ತೆಗೆಯಬಹುದು. ಹೆಸರಿನಲ್ಲೇ ಆ ಗುಣ ಅಡಗಿದೆ: ಎಕ್ಸ್ ಅಂದರೆ ಕಾಗದ, ಪಿ ಅಂದರೆ ಗುದ್ದಲು ಬರುವಂಥದು, ಸಿ ಅಂದರೆ ಬಿಸಿ ಮಾಡದೆಯೇ ಗುದ್ದಬಹುದಾದದ್ದು. ಎಫ್‌ಆರ್ ಎಂಬ ಎರಡಕ್ಷರ ಬಂದರೆ ಉರಿಯನ್ನು ತಡೆಯುವ ರಾಸಾಯನಿಕ ಸೇರಿದೆ ಎಂದರ್ಥ. ಎಫ್‌ಆರ್-1 ಮತ್ತು ಎಫ್‌ಆರ್-2 ಎರಡೂ ಕಾಗದ ಮತ್ತು ಫೀನಾಲ್‌ನವೇ. ಎಫ್‌ಆರ್-3ರಲ್ಲಿ ಕಾಗದಕ್ಕೆ ಎಪಾಕ್ಸಿ ರಾಳ.

ಕಾಗದದ ದೌರ್ಬಲ್ಯ ಎರಡು. ಮೊದಲನೆಯದು, ಅದು ತೇವ ಹೀರುತ್ತದೆ. ಎರಡನೆಯದು, ಬೋರ್ಡಿನ ಎರಡು ಬದಿಗಳನ್ನು ಜೋಡಿಸಲು ತೂತಿನ ಒಳಗೋಡೆಗೆ ತಾಮ್ರ ಲೇಪಿಸಬೇಕು. ಕಾಗದದ ಹಲಗೆಯಲ್ಲಿ ಆ ಲೇಪನ ನೆಚ್ಚಿಕೊಳ್ಳುವ ಹಾಗೆ ನಿಲ್ಲುವುದಿಲ್ಲ. ಹೀಗಾಗಿ ಇವು ಹೆಚ್ಚಾಗಿ ಒಂದೇ ಬದಿಯ ಬೋರ್ಡುಗಳಾಗಿ ಉಳಿದಿವೆ. ರಿಪೇರಿ ಮಾಡುವವರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ಬಿಸಿಯಾಗುವ ಭಾಗಗಳ ಕೆಳಗೆ ಈ ಬೋರ್ಡ್ ವರ್ಷಗಟ್ಟಲೆ ಸುಟ್ಟು ಕಪ್ಪಾದರೆ ಅಲ್ಲಿ ಇಂಗಾಲ ಉಳಿಯುತ್ತದೆ. ಇಂಗಾಲ ವಿದ್ಯುತ್ತನ್ನು ಹರಿಯಗೊಡುತ್ತದೆ. ಅವಾಹಕವಾಗಿದ್ದ ಹಲಗೆಯೇ ಅಲ್ಲಿ ವಾಹಕವಾಗುತ್ತದೆ. ಅಂಥ ಕಪ್ಪು ಜಾಗವನ್ನು ಒರೆಸಿ ಬಿಟ್ಟರೆ ಸಾಲದು. ಕೆರೆದು ಪೂರ್ತಿ ತೆಗೆಯಬೇಕು, ಇಲ್ಲವೇ ಬೋರ್ಡನ್ನೇ ಬದಲಿಸಬೇಕು.

ಹಾಗೆಂದು ಕಂದು ಬೋರ್ಡ್ ಎಂದರೆ ಕಳಪೆ ಎಂದಲ್ಲ. ಒಂದು ಚಾರ್ಜರ್ ಅಪಾಯಕಾರಿಯೋ ಅಲ್ಲವೋ ಎಂಬುದು ಬಹುಮಟ್ಟಿಗೆ 230 ವೋಲ್ಟ್‌ನ ಭಾಗಕ್ಕೂ ನಾವು ಮುಟ್ಟುವ ಭಾಗಕ್ಕೂ ನಡುವೆ ಎಷ್ಟು ಅಂತರ ಬಿಟ್ಟಿದ್ದಾರೆ ಎಂಬುದರ ಮೇಲಿದೆ. ಅಂತರ ಬಿಡದೆ ಮಾಡಿದರೆ ದುಬಾರಿ ಹಲಗೆಯೂ ಕಾಪಾಡದು.

ಕಾಗದಕ್ಕೂ ಗಾಜಿಗೂ ನಡುವೆ ಸಿಇಎಂ ಎಂಬ ಮಿಶ್ರ ಜಾತಿ ಇದೆ. ಸಿಇಎಂ-1ರಲ್ಲಿ ನಡುವೆ ಕಾಗದ, ಮೇಲೂ ಕೆಳಗೂ ನೇಯ್ದ ಗಾಜು. ಸಿಇಎಂ-3ರಲ್ಲಿ ನಡುವೆ ನೇಯದ ಗಾಜಿನ ನಾರಿನ ಹಾಳೆ, ಹೊರಗೆ ನೇಯ್ದ ಗಾಜು. ಎರಡಕ್ಕೂ ಎಪಾಕ್ಸಿ ರಾಳ. ಗೃಹೋಪಕರಣಗಳಲ್ಲಿ, ಎಲ್‌ಇಡಿ ದೀಪಗಳಲ್ಲಿ ಇವು ಸಾಮಾನ್ಯ.

ಎಫ್‌ಆರ್-4: ಗಾಜಿನ ನೇಯ್ಗೆ

ಇಂದು ಲ್ಯಾಪ್‌ಟಾಪ್, ಫೋನ್, ಕಾರು, ಆಸ್ಪತ್ರೆಯ ಮಾನಿಟರ್ ಎಲ್ಲೆಲ್ಲೂ ಇರುವುದು ಗಾಜಿನ ಬಟ್ಟೆ ಮತ್ತು ಎಪಾಕ್ಸಿ ರಾಳದ ಎಫ್‌ಆರ್-4 ಕುಟುಂಬ. 1968ರಲ್ಲಿ ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘ ನೇಮಾ ಈ ಹೆಸರು ಕೊಟ್ಟಿತು. ಇದಕ್ಕೂ ಹಿಂದೆ ಇದ್ದದ್ದು ಜಿ-10. ಬಟ್ಟೆ ಅದೇ, ರಾಳ ಅದೇ, ಉರಿ ತಡೆಯುವ ಗುಣ ಮಾತ್ರ ಇರಲಿಲ್ಲ. ಎಫ್‌ಆರ್-4ರ ರಾಳದ ಅಣುವಿನೊಳಗೇ ಬ್ರೋಮಿನ್ ಸೇರಿಸುತ್ತಾರೆ. ಬಿಸಿ ಏರಿದಾಗ ಅದು ಹೊರಬಂದು ಜ್ವಾಲೆಯ ಸರಪಳಿ ಕ್ರಿಯೆಯನ್ನು ತುಂಡರಿಸುತ್ತದೆ. ಬೋರ್ಡಿನ ಮೇಲೆ ಕಾಣುವ 94ವಿ-0 ಎಂಬ ಗುರುತು ಇದನ್ನೇ ಹೇಳುತ್ತದೆ: ನೆಟ್ಟಗೆ ಹಿಡಿದ ತುಂಡಿಗೆ ಬೆಂಕಿ ಹಚ್ಚಿ ಜ್ವಾಲೆ ತೆಗೆದರೆ 10 ಸೆಕೆಂಡಿನೊಳಗೆ ತಾನಾಗಿ ಆರಬೇಕು. ಈಚೆಗೆ ಬ್ರೋಮಿನ್ ಬದಲು ರಂಜಕದ ಸಂಯುಕ್ತಗಳನ್ನು ಬಳಸಿದ ಬೋರ್ಡುಗಳೂ ಹೆಚ್ಚುತ್ತಿವೆ.

ಅನೇಕರು ಎಫ್‌ಆರ್-4 ಎಂದರೆ ಹಸಿರು ಬೋರ್ಡ್ ಎಂದುಕೊಂಡಿದ್ದಾರೆ. ಹಸಿರು ಬಣ್ಣ ಲ್ಯಾಮಿನೇಟ್‌ನದಲ್ಲ. ಬೆಸುಗೆ ಬೇಡದ ಕಡೆ ಹರಡದಂತೆ ಮೇಲೆ ಬಳಿದ ಲೇಪನದ್ದು. ನೀಲಿ, ಕೆಂಪು, ಕಪ್ಪು ಬಣ್ಣದ್ದನ್ನೂ ಬಳಿಯಬಹುದು. ಬರಿಯ ಎಫ್‌ಆರ್-4 ನಸುಹಳದಿ. ಬೆಳಕಿಗೆ ಹಿಡಿದರೆ ಒಳಗಿನ ನೇಯ್ಗೆಯ ಚೌಕಳಿ ಕಾಣುತ್ತದೆ.

ಆ ನೇಯ್ಗೆಯ ಬಗ್ಗೆ ನಾಲ್ಕು ಮಾತು. ಕರಗಿದ ಗಾಜನ್ನು ಸಣ್ಣ ತೂತುಗಳಿಂದ ಎಳೆದು 5ರಿಂದ 9 ಮೈಕ್ರಾನಿನ ತಂತುಗಳನ್ನು ಮಾಡಿ, ನೂರಾರು ತಂತುಗಳನ್ನು ಸೇರಿಸಿ ನೂಲು ಮಾಡುತ್ತಾರೆ. ಮಗ್ಗಕ್ಕೆ ಏರಿಸುವ ಮುನ್ನ ಹಾಸಿನ ಎಳೆ ಕಿತ್ತುಹೋಗದಂತೆ ಇಳಕಲ್ಲಿನ ನೇಕಾರರು ಗಂಜಿ ಹಾಕುವ ಹಾಗೆಯೇ ಗಾಜಿನ ನೂಲಿಗೂ ಗಂಜಿಯಂಥ ಲೇಪ ಕೊಡುತ್ತಾರೆ. ನೇಯ್ದ ಮೇಲೆ ಬಟ್ಟೆಯನ್ನು ಒಲೆಯಲ್ಲಿ ಕಾಯಿಸಿ ಆ ಲೇಪವನ್ನು ಸುಟ್ಟು, ಗಾಜಿಗೂ ರಾಳಕ್ಕೂ ಕೊಂಡಿಯಾಗುವ ಸಿಲೇನ್ ಎಂಬ ದ್ರವ್ಯ ಹಚ್ಚುತ್ತಾರೆ. ಬಟ್ಟೆಗೆ ಸೀರೆಯ ಹಾಗೆ ಬಗೆಬಗೆಯ ನೇಯ್ಗೆಗಳಿವೆ, ಹೆಸರು ಮಾತ್ರ ಅಂಕಿಯಲ್ಲಿ. 7628 ಎಂಬುದು ಒರಟು ನೇಯ್ಗೆ, ಸುಮಾರು 0.17 ಮಿ.ಮೀ. ದಪ್ಪ; ಇದನ್ನು ಎಂಟು ಪದರ ಒತ್ತಿದರೆ ಮಾಮೂಲಿ 1.6 ಮಿ.ಮೀ. ಬೋರ್ಡ್ ಆಗುತ್ತದೆ. 1080 ನಯವಾದದ್ದು, 0.06 ಮಿ.ಮೀ. ಆಸುಪಾಸು. ಬಹುಪದರದ ತೆಳು ಬೋರ್ಡುಗಳಿಗೆ ಇಂಥ ನಯ ನೇಯ್ಗೆ ಬೇಕು.

ಗಾಜು ಮತ್ತು ರಾಳದ ಬಂಧ ಸಡಿಲವಾದರೆ ಏನಾಗುತ್ತದೆ? ಎಳೆಯ ಗುಂಟ ಕೂದಲಿಗಿಂತ ಸಣ್ಣ ಸುರಂಗ ಉಂಟಾಗಿ, ತೇವ ಸೇರಿ, ವೋಲ್ಟೇಜಿನ ಸೆಳೆತಕ್ಕೆ ತಾಮ್ರ ಅದರೊಳಗೆ ನಿಧಾನವಾಗಿ ಸಾಗುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಒಂದು ತೂತಿನಿಂದ ಇನ್ನೊಂದಕ್ಕೆ ತಾಮ್ರದ ಎಳೆ ಬೆಳೆದು ಶಾರ್ಟ್ ಆಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಟೆಲಿಫೋನ್ ಉಪಕರಣಗಳ ಅಧ್ಯಯನದಲ್ಲಿ ಇದನ್ನು ಗುರುತಿಸಿದರು. ಹೊಸ ಬೋರ್ಡ್ ಪರೀಕ್ಷೆಯಲ್ಲಿ ಪಾಸಾಗಿ, ನಂತರ ಯಾವಾಗಲೋ ಕೈಕೊಡುವ ದೋಷ ಇದು. ಆದ್ದರಿಂದಲೇ ವಿಮಾನ, ಕಾರು, ವೈದ್ಯಕೀಯ ಉಪಕರಣದವರು ಲ್ಯಾಮಿನೇಟ್ ಆಯ್ಕೆಯಲ್ಲಿ ಅಷ್ಟು ಕಟ್ಟುನಿಟ್ಟು.

ಬಿಸಿಯ ಲೆಕ್ಕ

ಎಲ್ಲ ಎಫ್‌ಆರ್-4 ಒಂದೇ ಅಲ್ಲ. ಅವುಗಳನ್ನು ಬೇರ್ಪಡಿಸುವ ಮುಖ್ಯ ಅಂಕಿ ಟಿಜಿ. ರಾಳ ಗಾಜಿನಂಥ ಬಿಗಿ ಸ್ಥಿತಿಯಿಂದ ರಬ್ಬರಿನಂಥ ಸ್ಥಿತಿಗೆ ತಿರುಗುವ ಉಷ್ಣತೆ ಅದು. ಸಾಮಾನ್ಯ ಎಫ್‌ಆರ್-4ಕ್ಕೆ 130ರಿಂದ 140 ಡಿಗ್ರಿ ಸೆಲ್ಸಿಯಸ್, ಉತ್ತಮ ದರ್ಜೆಯದಕ್ಕೆ 170 ಅಥವಾ ಹೆಚ್ಚು. ಟಿಜಿ ದಾಟಿದೊಡನೆ ಬೋರ್ಡ್ ದಪ್ಪದ ದಿಕ್ಕಿನಲ್ಲಿ ಬಹಳ ಹಿಗ್ಗುತ್ತದೆ. ಉದ್ದ ಅಗಲಗಳಲ್ಲಿ ಗಾಜಿನ ಬಟ್ಟೆ ಹಿಡಿದಿಟ್ಟಿರುತ್ತದೆ. ದಪ್ಪದ ದಿಕ್ಕಿನಲ್ಲಿ ಹಿಡಿಯುವ ಎಳೆ ಇಲ್ಲ.

ಒಂದು ಲೆಕ್ಕ ನೋಡೋಣ. 1.6 ಮಿ.ಮೀ. ದಪ್ಪದ, 140 ಡಿಗ್ರಿ ಟಿಜಿಯ ಬೋರ್ಡನ್ನು 25ರಿಂದ 250 ಡಿಗ್ರಿಗೆ ಕಾಯಿಸಿದೆವು ಎನ್ನಿ. ಟಿಜಿವರೆಗೆ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 55 ಭಾಗದಂತೆ ಹಿಗ್ಗಿದರೆ 10 ಮೈಕ್ರಾನ್. ನಂತರ ಹತ್ತು ಲಕ್ಷದಲ್ಲಿ 250 ಭಾಗದಂತೆ 44 ಮೈಕ್ರಾನ್. ಒಟ್ಟು 54. ತೂತಿನೊಳಗಿನ ತಾಮ್ರದ ಕೊಳವೆ ಅದೇ ಬಿಸಿಗೆ ತಾನಾಗಿ ಹಿಗ್ಗುವುದು 6 ಮೈಕ್ರಾನ್ ಮಾತ್ರ. ಉಳಿದ 48 ಮೈಕ್ರಾನಿನಷ್ಟು ಅದನ್ನು ಬಲವಂತವಾಗಿ ಎಳೆದಂತಾಯಿತು. ಟಿಜಿ 175 ಇದ್ದಿದ್ದರೆ ಬೋರ್ಡಿನ ಹಿಗ್ಗು ಸುಮಾರು 43ಕ್ಕೆ ನಿಲ್ಲುತ್ತಿತ್ತು. ಕೊಳವೆ ಬಿರುಕು ಬಿಡುವುದಕ್ಕೂ ಉಳಿಯುವುದಕ್ಕೂ ಈ ಹತ್ತು ಮೈಕ್ರಾನ್ ಸಾಕು.

250 ಡಿಗ್ರಿಯನ್ನು ಸುಮ್ಮನೆ ಆರಿಸಿದ್ದಲ್ಲ. ತವರ ಮತ್ತು ಸೀಸದ ಹಳೆಯ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. 2006ರ ಜುಲೈ 1ರಿಂದ ಯೂರೋಪಿನಲ್ಲಿ ಹೆಚ್ಚಿನ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸ ನಿಷಿದ್ಧವಾಯಿತು. ಬದಲಿಗೆ ಬಂದ ತವರ, ಬೆಳ್ಳಿ, ತಾಮ್ರದ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಕಾರ್ಖಾನೆಯ ಒಲೆಯಲ್ಲಿ ಬೋರ್ಡ್ 240ರಿಂದ 250 ಡಿಗ್ರಿಯವರೆಗೆ ಕಾಯುತ್ತದೆ. ಮಕ್ಕಳ ಆರೋಗ್ಯಕ್ಕೂ ನೆಲಜಲಕ್ಕೂ ಒಳ್ಳೆಯದಾದ ಈ ಕಾನೂನು ಲ್ಯಾಮಿನೇಟ್ ತಯಾರಕರಿಗೆ ಹೊಸ ರಾಳಗಳನ್ನು ಹುಡುಕುವ ಕೆಲಸ ಹಚ್ಚಿತು. ವಿಮಾನಗಳಿಗೆ ಈ ನಿರ್ಬಂಧ ಅನ್ವಯಿಸಲಿಲ್ಲ. ಅಲ್ಲಿ ದಶಕಗಳ ಅನುಭವವಿರುವ ಸೀಸದ ಬೆಸುಗೆಯನ್ನು ಒಮ್ಮೆಲೇ ಬಿಡುವುದು ಸುಲಭವಲ್ಲ.

ವಿಮಾನದ ಬಿಸಿಯ ಸಮಸ್ಯೆ ಬೇರೆ ರೀತಿಯದು. ಡರ್ಬಿಯಲ್ಲಿ ತಯಾರಾಗುವ ಟ್ರೆಂಟ್ ಎಂಜಿನ್‌ಗಳ ನಿಯಂತ್ರಕ ಪೆಟ್ಟಿಗೆ ಎಂಜಿನ್ನಿನ ಮುಂಭಾಗದ ಫ್ಯಾನ್ ಕವಚದ ಮೇಲೆಯೇ ಕೂತಿರುತ್ತದೆ. ಮೇ ತಿಂಗಳ ಬೆಂಗಳೂರಿನ ರನ್‌ವೇಯಿಂದ ಹೊರಟು 11 ಕಿ.ಮೀ. ಎತ್ತರಕ್ಕೆ ಏರಿದರೆ ಹೊರಗೆ ಮೈನಸ್ 56 ಡಿಗ್ರಿ. ಪ್ರತಿ ಹಾರಾಟಕ್ಕೂ ಒಂದು ಹಿಗ್ಗು, ಒಂದು ಕುಗ್ಗು, ಜೊತೆಗೆ ಬಿಡದ ಅದುರು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಮುರಿಯುವ ಹಾಗೆ, ಸಾವಿರಾರು ಹಾರಾಟಗಳ ನಂತರ ತಾಮ್ರ ದಣಿಯುತ್ತದೆ. ಇಂಥ ಕಠಿಣ ಜಾಗಗಳಿಗೆಂದೇ 250 ಡಿಗ್ರಿಗೂ ಹೆಚ್ಚಿನ ಟಿಜಿಯ ಪಾಲಿಇಮೈಡ್ ರಾಳದ ಲ್ಯಾಮಿನೇಟ್‌ಗಳಿವೆ. ಬೆಲೆ ಹೆಚ್ಚು, ತೇವವನ್ನೂ ಹೆಚ್ಚು ಹೀರುತ್ತವೆ, ಬೆಸುಗೆಗೆ ಮುನ್ನ ಒಲೆಯಲ್ಲಿ ಒಣಗಿಸಬೇಕು. ಎಲ್ಲ ಗುಣವೂ ಒಂದರಲ್ಲೇ ಸಿಗುವ ಲ್ಯಾಮಿನೇಟ್ ಇಲ್ಲ.

ವೇಗದ ಲೆಕ್ಕ

ನಿರ್ವಾತದಲ್ಲಿ ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂ.ಮೀ. ಹೋಗುತ್ತದೆ. ಎಫ್‌ಆರ್-4ರ ಒಳಗೆ ಹೋಗುವ ಸಂಕೇತ ಕೇವಲ 14.5 ಸೆಂ.ಮೀ. ಹೋಗುತ್ತದೆ. ಇದಕ್ಕೆ ಕಾರಣ ಆ ವಸ್ತುವಿನ ಡೈಎಲೆಕ್ಟ್ರಿಕ್ ಸ್ಥಿರಾಂಕ; ಎಫ್‌ಆರ್-4ಕ್ಕೆ ಅದು ಸುಮಾರು 4.3. ನಿಧಾನಕ್ಕಿಂತ ದೊಡ್ಡ ತೊಂದರೆ ನಷ್ಟ: ಆವರ್ತನ ಏರಿದಷ್ಟೂ ಸಂಕೇತದ ಶಕ್ತಿ ಹಲಗೆಯಲ್ಲೇ ಬಿಸಿಯಾಗಿ ಇಂಗಿಹೋಗುತ್ತದೆ. ಕಾರಿನ ಮುಂದಿರುವ ರೇಡಾರ್ 77 ಗಿಗಾಹರ್ಟ್ಸ್‌ನದು. ಅಲ್ಲಿ ಎಫ್‌ಆರ್-4 ನಡೆಯುವುದಿಲ್ಲ.

ಇದಕ್ಕೆ ಉತ್ತರ ನಮ್ಮ ಅಡುಗೆಮನೆಯ ನಾನ್‌ಸ್ಟಿಕ್ ದೋಸೆ ತವಾದ ಮೇಲಿದೆ. ಅದೇ ಟೆಫ್ಲಾನ್. ಗಾಜಿನ ನಾರು ಸೇರಿಸಿದ ಟೆಫ್ಲಾನ್ ಲ್ಯಾಮಿನೇಟ್‌ಗಳಲ್ಲಿ ಸ್ಥಿರಾಂಕ 2.2ರಷ್ಟು ಕಡಿಮೆ, ಸಂಕೇತ ನ್ಯಾನೋಸೆಕೆಂಡಿಗೆ 20 ಸೆಂ.ಮೀ. ಓಡುತ್ತದೆ, ನಷ್ಟ ಬಹಳ ಕಡಿಮೆ. ಆದರೆ ದೋಸೆ ಅಂಟದ ಮೇಲ್ಮೈಗೆ ತಾಮ್ರ ಮಾತ್ರ ಸುಲಭವಾಗಿ ಅಂಟೀತೇ? ತೂತುಗಳಿಗೆ ತಾಮ್ರ ಲೇಪಿಸುವ ಮುನ್ನ ವಿಶೇಷ ಸಂಸ್ಕಾರ ಬೇಕು. ವಸ್ತು ಮೆದು, ದುಬಾರಿ. ಹಾಗಾಗಿ ಹೈಡ್ರೋಕಾರ್ಬನ್ ರಾಳಕ್ಕೆ ಸೆರಾಮಿಕ್ ಪುಡಿ ಬೆರೆಸಿದ ನಡುವಣ ಜಾತಿಯೂ ಬಂದಿದೆ. ಖರ್ಚು ಉಳಿಸಲು ದುಬಾರಿ ಲ್ಯಾಮಿನೇಟನ್ನು ಹೊರಪದರಕ್ಕೆ ಮಾತ್ರ ಬಳಸಿ, ಒಳಗೆಲ್ಲ ಎಫ್‌ಆರ್-4 ಹಾಕುವುದೂ ಉಂಟು.

ಅತಿವೇಗದ ಸಂಕೇತಗಳಿಗೆ ನೇಯ್ಗೆಯೇ ತೊಡಕಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಜೋಡಿಯಾಗಿ ಓಡುವ ಎರಡು ಗೆರೆಗಳಲ್ಲಿ ಒಂದು ಗಾಜಿನ ಎಳೆಯ ಮೇಲೆ, ಇನ್ನೊಂದು ಎಳೆಗಳ ನಡುವಿನ ರಾಳದ ಮೇಲೆ ಬಂದರೆ, ಎರಡೂ ಬೇರೆ ಬೇರೆ ಹೊತ್ತಿಗೆ ತಲುಪುತ್ತವೆ. ಎಳೆಗಳನ್ನು ಚಪ್ಪಟೆ ಮಾಡಿ ಸಂದು ಮುಚ್ಚಿದ ಬಟ್ಟೆ ಬಳಸುವುದು, ಗೆರೆಗಳನ್ನು ನೇಯ್ಗೆಗೆ ತುಸು ಓರೆಯಾಗಿ ಎಳೆಯುವುದು ಇದಕ್ಕೆ ಪರಿಹಾರ.

ಇನ್ನು ಮೂರು ಜಾತಿಗಳನ್ನು ಬೇಗ ಹೇಳಿ ಮುಗಿಸಬಹುದು. ಪ್ರಖರ ಎಲ್‌ಇಡಿ ದೀಪಗಳಲ್ಲಿ ಬಿಸಿಯನ್ನು ಸಾಗಿಸಲು ಅಲ್ಯೂಮಿನಿಯಂ ತಗಡಿನ ಮೇಲೆ ತೆಳು ಅವಾಹಕ ಪದರ, ಅದರ ಮೇಲೆ ತಾಮ್ರ. ಲ್ಯಾಪ್‌ಟಾಪಿನ ಮುಚ್ಚಳ ಸೇರುವ ಕಡೆ ಬಾಗುವ, ಜೇನುಬಣ್ಣದ ಪಾಲಿಇಮೈಡ್ ಹಾಳೆ. ಪ್ರೊಸೆಸರ್ ಚಿಪ್ಪಿನ ಕೆಳಗಿನ ಪುಟ್ಟ ಬೋರ್ಡಿನಲ್ಲಿ ನೇಯ್ಗೆಯೇ ಇಲ್ಲದ ಒಂದು ರಾಳದ ಹಾಳೆ. ಅದನ್ನು ಕಂಡುಹಿಡಿದದ್ದು ಟೇಸ್ಟಿಂಗ್ ಪೌಡರ್‌ಗೆ ಹೆಸರಾದ ಜಪಾನಿನ ಅಜಿನೊಮೊಟೊ ಕಂಪನಿ.

ನಮ್ಮ ನಾಡಿನಲ್ಲಿ

1948ರ ಐಟಿಐ, 1954ರ ಬಿಇಎಲ್ ಕಾಲದಿಂದಲೂ ಬೆಂಗಳೂರು ಎಲೆಕ್ಟ್ರಾನಿಕ್ಸ್ ಊರು. ಮೈಸೂರಿನ ಬಳಿಯ ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಸರ್ಕಿಟ್ ಬೋರ್ಡ್ ಕಾರ್ಖಾನೆ ಇದೆ. 1999ರಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್ ಅನ್ನು ಕೊಂಡು ಅದು ಅಲ್ಲಿ ನೆಲೆಯೂರಿತು. ಬೋರ್ಡ್ ಮಾಡುವ ಕಸುಬು ನಮ್ಮಲ್ಲಿ ಬೇರು ಬಿಟ್ಟಿದ್ದರೂ ತಾಮ್ರ ಹೊದಿಸಿದ ಲ್ಯಾಮಿನೇಟ್‌ಗೆ ಭಾರತ ಬಹುಪಾಲು ಹೊರದೇಶಗಳನ್ನೇ ನೆಚ್ಚಿದೆ. 2025ರಲ್ಲಿ ಭಾರತ ಸರ್ಕಾರ 22,919 ಕೋಟಿ ರೂಪಾಯಿಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಯೋಜನೆ ತಂದಾಗ, ಮೊದಲು ಒಪ್ಪಿಗೆ ಪಡೆದ ಪ್ರಸ್ತಾವಗಳಲ್ಲಿ ಲ್ಯಾಮಿನೇಟ್ ತಯಾರಿಕೆಯೂ ಇತ್ತು. ರಸಾಯನಶಾಸ್ತ್ರ, ಜವಳಿ, ಎಲೆಕ್ಟ್ರಾನಿಕ್ಸ್ ಮೂರೂ ಸೇರುವ ಈ ಕ್ಷೇತ್ರದಲ್ಲಿ ನಮ್ಮ ಮಕ್ಕಳಿಗೆ ಎರಡೂ ದೇಶಗಳಲ್ಲಿ ಕೆಲಸವಿದೆ.

ಕೊನೆಯಲ್ಲಿ ಏನಾಗುತ್ತದೆ?

ಉರಿಯದಂತೆ, ಕರಗದಂತೆ, ಪದರ ಬಿಡದಂತೆ ಮಾಡಿದ ಹಲಗೆಯನ್ನು ಕೊನೆಗೆ ಏನು ಮಾಡುವುದು? ಬೆಂದ ಇಡ್ಲಿಯ ಮಾತು ಇಲ್ಲಿ ಮತ್ತೆ ಬರುತ್ತದೆ. ಎಪಾಕ್ಸಿಯನ್ನು ಕರಗಿಸಿ ಹೊಸ ಬೋರ್ಡ್ ಮಾಡಲಾಗದು. ಬಯಲಿನಲ್ಲಿ ಸುಟ್ಟು ತಾಮ್ರ ತೆಗೆದರೆ, ಬೆಂಕಿಯಿಂದ ನಮ್ಮನ್ನು ಕಾಪಾಡಲು ಸೇರಿಸಿದ ಬ್ರೋಮಿನ್ನೇ ಡಯಾಕ್ಸಿನ್ ಜಾತಿಯ ವಿಷವಾಗಿ ಹೊಗೆಯಲ್ಲಿ ಹೊರಬರುತ್ತದೆ. ಅದನ್ನು ಉಸಿರಾಡುವವರು ಗುಜರಿ ಕೆಲಸದ ಬಡವರು ಮತ್ತು ಅವರ ಮಕ್ಕಳು.

ಸರಿಯಾದ ದಾರಿಗಳೂ ಇವೆ. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ ಭಾರತದ ಮೊದಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲೊಂದು. ಯೂರೋಪಿನ ದೊಡ್ಡ ಕುಲುಮೆಗಳಲ್ಲಿ ಬೋರ್ಡುಗಳನ್ನು ಹಾಕಿದಾಗ ರಾಳ ಇಂಧನವಾಗಿ ಉರಿಯುತ್ತದೆ, ಹೊಗೆಯನ್ನು ಶುದ್ಧಿ ಮಾಡಲಾಗುತ್ತದೆ, ಗಾಜಿನ ಬಟ್ಟೆ ಕಿಟ್ಟವಾಗಿ ತೇಲುತ್ತದೆ, ತಾಮ್ರ ಮತ್ತು ಚಿನ್ನ ಕೆಳಗೆ ಉಳಿಯುತ್ತವೆ. ವೇಲ್ಸ್‌ನ ಲ್ಯಾಂಟ್ರಿಸೆಂಟ್‌ನಲ್ಲಿ ನಾಣ್ಯ ಟಂಕಿಸುವ ರಾಯಲ್ ಮಿಂಟ್ 2024ರಲ್ಲಿ ಬೋರ್ಡುಗಳಿಂದ ಚಿನ್ನ ತೆಗೆಯುವ ಕಾರ್ಖಾನೆ ತೆರೆದಿದೆ. ವರ್ಷಕ್ಕೆ 4,000 ಟನ್ ಬೋರ್ಡ್ ಅದರ ಸಾಮರ್ಥ್ಯ. ಬ್ರಿಟಿಷ್ ಕಂಪನಿ 1880ರಲ್ಲಿ ಕೋಲಾರದಲ್ಲಿ ಚಿನ್ನ ತೆಗೆಯಲು ತೊಡಗಿತು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಈಗ ಚಿನ್ನದ ಅದಿರು ನಮ್ಮ ಮೇಜಿನ ಡ್ರಾಯರಿನಲ್ಲೇ ಇದೆ.

ಕಸವೇ ಆಗದ ಲ್ಯಾಮಿನೇಟ್ ಮಾಡುವ ಪ್ರಯತ್ನವೂ ಬ್ರಿಟನ್ನಿನಲ್ಲಿ ನಡೆದಿದೆ. ಜೀವಾ ಮೆಟೀರಿಯಲ್ಸ್ ಎಂಬ ಕಂಪನಿಯ ಸೊಲ್ಯುಬೋರ್ಡ್‌ನಲ್ಲಿ ಗಾಜಿನ ಬದಲು ನೈಸರ್ಗಿಕ ನಾರು, ಎಪಾಕ್ಸಿಯ ಬದಲು ಬಿಸಿನೀರಿನಲ್ಲಿ ಬಿಡುವ ರಾಳ. ಕೆಲಸ ಮುಗಿದ ಬೋರ್ಡನ್ನು ಬಿಸಿನೀರಿಗೆ ಹಾಕಿದರೆ ಪದರ ಬಿಚ್ಚಿಕೊಂಡು ಬಿಡಿಭಾಗಗಳು ಕೈಗೆ ಸಿಗುತ್ತವೆ. 2023ರಲ್ಲಿ ಜರ್ಮನಿಯ ಇನ್ಫಿನಿಯಾನ್ ಪ್ರದರ್ಶನದ ಬೋರ್ಡುಗಳಿಗೆ ಇದನ್ನು ಬಳಸುವುದಾಗಿ ಪ್ರಕಟಿಸಿತು. ಜೆಟ್ ಎಂಜಿನ್ನಿಗೆ ಇದು ಬೇಡ. ಎರಡು ವರ್ಷ ಬಾಳುವ ಆಟಿಕೆಗೆ ಐನೂರು ವರ್ಷ ಕೊಳೆಯದ ಗಾಜೂ ಬೇಡ.

ನಾವು ಮನೆಯಲ್ಲಿ ಮಾಡಬಹುದಾದದ್ದು ಸರಳ. ಚಕ್ರದ ಕಸದ ಡಬ್ಬಿಗೆ ಅಡ್ಡಗೆರೆ ಎಳೆದ ಚಿತ್ರವಿರುವ ಯಾವ ವಸ್ತುವನ್ನೂ ಮಾಮೂಲಿ ಬಿನ್‌ಗೆ ಹಾಕಬಾರದು. ಡರ್ಬಿಯವರಿಗೆ ರೇನ್ಸ್‌ವೇಯ ಮರುಬಳಕೆ ಕೇಂದ್ರ ಇದೆ. ಮಕ್ಕಳು ಶಾಲೆಯ ಪ್ರಾಜೆಕ್ಟಿಗೆ ಬೋರ್ಡ್ ಕತ್ತರಿಸುವುದಾದರೆ ಕಾಗದದ ಕಂದು ಬೋರ್ಡ್ ಕೊಡಿಸುವುದು ಒಳ್ಳೆಯದು. ಗಾಜಿನ ಬೋರ್ಡನ್ನೇ ಗರಗಸದಿಂದ ಕೊಯ್ಯಬೇಕಾದರೆ ಮಾಸ್ಕ್ ಹಾಕಿ, ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಊರಿಗೆ ಹೋದಾಗ ಅಟ್ಟದ ಮೇಲಿನ ಹಳೆಯ ಟಿವಿ, ಯುಪಿಎಸ್‌ಗಳನ್ನು ಗಾಡಿಯವರಿಗೆ ಹಾಕುವ ಬದಲು ಅಧಿಕೃತ ಸಂಗ್ರಹಕಾರರಿಗೆ ಕೊಡುವಂತೆ ಹಿರಿಯರಿಗೆ ಹೇಳಿ, ಆ ಏರ್ಪಾಡನ್ನು ನಾವೇ ಮಾಡಿಕೊಟ್ಟು ಬರಬಹುದು.

ಯಾವ ಲ್ಯಾಮಿನೇಟ್ ಒಳ್ಳೆಯದು ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ರಿಮೋಟಿಗೆ ಕಾಗದ, ಲ್ಯಾಪ್‌ಟಾಪಿಗೆ ಗಾಜು, ಎಂಜಿನ್ನಿಗೆ ಪಾಲಿಇಮೈಡ್, ರೇಡಾರಿಗೆ ಟೆಫ್ಲಾನ್: ಎಲ್ಲವೂ ಅದರದರ ಜಾಗದಲ್ಲಿ ಸರಿ. ಹಾಸು ಹೊಕ್ಕು ಸರಿಯಿದ್ದು, ರಾಳ ಕೆಲಸಕ್ಕೆ ತಕ್ಕದ್ದಾಗಿದ್ದು, ಕೊನೆಗೆ ಅದು ಯಾರ ಉಸಿರಿಗೂ ವಿಷವಾಗದಿದ್ದರೆ ಅದೇ ಒಳ್ಳೆಯ ಬೋರ್ಡ್.